ಬಿಟ್‌ಲಾಕರ್ ನೀಲಿ ಪರದೆ ಬಂದಾಗ ಮಾಡಬೇಕಾದದ್ದು

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಅಂಗಡಿಯೊಂದರಲ್ಲಿ ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಮಾಡಿಸಿ ತಂದ ನನ್ನ ಲ್ಯಾಪ್‌ಟಾಪ್, ಮನೆಯಲ್ಲಿ ಆನ್ ಮಾಡಿದ ಕೂಡಲೇ ನೀಲಿ ಪರದೆಯ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳಿತು. ಇದು ಡಿಸ್ಕ್ ಕೆಟ್ಟಿರುವುದರ ಲಕ್ಷಣವಲ್ಲ. ಡಿಸ್ಕಿನ ಮಾಹಿತಿಗೆ ವಿಂಡೋಸ್ ಹಾಕುವ ಗೂಢಲಿಪಿಯ ಬೀಗವೇ ಬಿಟ್‌ಲಾಕರ್. ಬಯೋಸ್ ಅಥವಾ ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದಲೇ ಕಂಪ್ಯೂಟರ್ ಶುರುವಾಗುವಂತೆ ನೋಡಿಕೊಳ್ಳುವ ವ್ಯವಸ್ಥೆ) ಸೆಟ್ಟಿಂಗ್ ಬದಲಾಗಿರುವುದು ಕಂಡರೆ, ಆ ಬೀಗದ ಕೈಯನ್ನು ಕಾಯುವ ಟಿಪಿಎಂ ಎಂಬ ಚಿಪ್ ಅದನ್ನು ತಾನಾಗಿ ಬಿಟ್ಟುಕೊಡುವುದಿಲ್ಲ. ಸೆಟ್ಟಿಂಗ್ ಬದಲಿಸಿದ್ದು ನೆನಪಿದ್ದರೆ ಅದನ್ನು ಮೊದಲಿನಂತೆಯೇ ಮಾಡಿ ನೋಡಿ.

ಇಲ್ಲವಾದರೆ ಪರದೆಯಲ್ಲಿರುವ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನು ಬರೆದುಕೊಂಡು, ವಿಂಡೋಸ್‌ಗೆ ಬಳಸಿದ್ದ ಅದೇ ಮೈಕ್ರೋಸಾಫ್ಟ್ ಖಾತೆಯನ್ನು ಮೊಬೈಲಿನಲ್ಲಿ ತೆರೆದು, ಆ ಐಡಿಗೆ ಹೊಂದುವ ಕೀಯನ್ನು ಹುಡುಕಿ. ಲ್ಯಾಪ್‌ಟಾಪನ್ನು ಮೊದಲು ಸಜ್ಜುಗೊಳಿಸಿದವರು ಮಗನೋ ಅಂಗಡಿಯವರೋ ಆಗಿದ್ದರೆ, ಕೀ ಅವರ ಖಾತೆಯಲ್ಲಿರಬಹುದು.

ಕೀ ಆರಾರು ಅಂಕಿಗಳ ಎಂಟು ಗುಂಪುಗಳಲ್ಲಿರುತ್ತದೆ. ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗಬೇಕಾದ್ದರಿಂದ, ತಪ್ಪಾಗಿ ಬರೆದುಕೊಂಡ ಗುಂಪನ್ನು ಭಾಗಿಸಿಯೇ ಪತ್ತೆ ಹಚ್ಚಬಹುದು. ನನ್ನ ಚೀಟಿಯಲ್ಲಿ 1 ಇರಬೇಕಾದಲ್ಲಿ 7 ಇತ್ತು.

ಕೀ ಎಲ್ಲಿಯೂ ಸಿಗದಿದ್ದರೆ ಡಿಸ್ಕನ್ನು ಅಳಿಸಿ ವಿಂಡೋಸ್ ಮತ್ತೆ ಹಾಕುವುದೊಂದೇ ದಾರಿ. ಕೀ ಇಲ್ಲದೆಯೇ ಫೈಲುಗಳನ್ನು ತೆಗೆದುಕೊಡುತ್ತೇವೆನ್ನುವವರಿಗೆ ಹಣ ಕೊಡಬೇಡಿ. ಲ್ಯಾಪ್‌ಟಾಪ್ ತೆರೆದುಕೊಂಡರೆ ಕೀಯನ್ನು ಕಾಗದದಲ್ಲಿ ಮುದ್ರಿಸಿಟ್ಟು, ಮುಂದಿನ ಬಯೋಸ್ ಅಪ್‌ಡೇಟ್‌ಗೆ ಮೊದಲು ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ (ತಾತ್ಕಾಲಿಕವಾಗಿ ತಡೆಹಿಡಿಯಿರಿ).