ಹಾರ್ಮೋನೋ, ಹಸಿವೋ?

ಹಣ್ಣಿನ ನೊಣದ ಲಾರ್ವಾದಿಂದ ಜೊಲ್ಲುಗ್ರಂಥಿ ತೆಗೆಯುವುದು ಕೈಗೆ ಹತ್ತಿದರೆ ಸುಲಭ. ಒಂದು ಚಿಮಟದಲ್ಲಿ ಬಾಯಿಯ ಕಪ್ಪು ಕೊಕ್ಕೆ, ಇನ್ನೊಂದರಲ್ಲಿ ಮೈಯ ನಡು ಹಿಡಿದು ಮೆಲ್ಲಗೆ ಎಳೆದರೆ ಜೋಡಿ ಗ್ರಂಥಿ ಈಚೆ ಬರುತ್ತದೆ, ಗಾಜಿನಷ್ಟು ತಿಳಿ. ಈ ಜೀವಕೋಶಗಳು ಒಡೆದು ಎರಡಾಗುವುದಿಲ್ಲ. ಡಿಎನ್‌ಎ ಮಾತ್ರ ಸುಮಾರು ಹತ್ತು ಸಲ ಇಮ್ಮಡಿಯಾಗುತ್ತದೆ. ಪ್ಯೂಪಾ ಆಗುವ ಹೊತ್ತು ಹತ್ತಿರ ಬಂದಾಗ ಅದು ನಿಲ್ಲುತ್ತದೆ. ಲಾರ್ವಾವನ್ನು ಪ್ಯೂಪಾ ಮಾಡುವ ಹಾರ್ಮೋನ್ ಎಕ್ಡೈಸೋನ್ ಏರುವುದೂ ಆಗಲೇ. ನಿಲ್ಲಿಸುವುದು ಇದೇನಾ? ನನ್ನ ತಲೆ ತಿಂದ ಪ್ರಶ್ನೆ ಇದು.

ಆಹಾರದಲ್ಲಿ 20-ಹೈಡ್ರಾಕ್ಸಿಎಕ್ಡೈಸೋನ್ (ಎಕ್ಡೈಸೋನ್‌ನ ಕೆಲಸ ಮಾಡುವ ರೂಪ) ಬೆರೆಸಿ ಕೊಟ್ಟೆ. ಆಮೇಲೆ ಗ್ರಂಥಿ ತೆಗೆದು 30 ನಿಮಿಷ ಇಡಿಯು ದ್ರಾವಣದಲ್ಲಿಟ್ಟೆ. ಇಡಿಯು ನೋಡಲು ಡಿಎನ್‌ಎ ಕಟ್ಟುವ ಥೈಮಿಡಿನ್ ಥರವೇ. ಡಿಎನ್‌ಎ ನಕಲು ಮಾಡುತ್ತಿರುವ ಕೋಶ ಮೋಸಹೋಗಿ ಒಳಗೆ ಸೇರಿಸಿಕೊಳ್ಳುತ್ತದೆ. ಕ್ಲಿಕ್ ರಿಯಾಕ್ಷನ್‌ನಲ್ಲಿ ಬಣ್ಣ ಅಂಟಿಸಿದರೆ ನ್ಯೂಕ್ಲಿಯಸ್ ಹೊಳೆಯುತ್ತದೆ.

ಮೊದಲ ಸಲ ಎಲ್ಲಾ ಕತ್ತಲು. ಕುಣಿದಾಡಿದೆ. ಹಾರ್ಮೋನ್ ಕೊಡದ ಕಂಟ್ರೋಲ್ ಗುಂಪು ನೋಡಿದರೆ ಅದೂ ಕತ್ತಲು! ಕ್ಲಿಕ್ ರಿಯಾಕ್ಷನ್‌ಗೆ ಬೇಕಾದ ಆಸ್ಕಾರ್ಬೇಟ್ ಹಳೆಯದಾಗಿತ್ತು, ಅದನ್ನು ಆಯಾ ಹೊತ್ತಿಗೇ ಕರಗಿಸಿಕೊಳ್ಳಬೇಕು. ಅಂದಿನಿಂದ ಗ್ರಂಥಿಯ ಜೊತೆ ಅದೇ ಲಾರ್ವಾದ ಮಿದುಳನ್ನೂ ಹಾಕುತ್ತೇನೆ. ಅಲ್ಲಿ ನರಕೋಶ ಹುಟ್ಟಿಸುತ್ತಾ ಡಿಎನ್‌ಎ ನಕಲು ಮಾಡುತ್ತಲೇ ಇರುವ ನ್ಯೂರೋಬ್ಲಾಸ್ಟ್‌ಗಳೂ ಹೊಳೆಯದಿದ್ದರೆ ತಪ್ಪು ನನ್ನದೇ.

ಎರಡನೇ ಸಲ ಮಿದುಳು ಹೊಳೆಯಿತು, ಹಾರ್ಮೋನ್ ತಿಂದವುಗಳ ಗ್ರಂಥಿ ಕತ್ತಲು. ಇಷ್ಟು ಸಾಕಲ್ವಾ ಅಂದುಕೊಂಡೆ. ಪುಣ್ಯಕ್ಕೆ ಆಹಾರಕ್ಕೆ ಬ್ರೋಮೋಫೀನಾಲ್ ಬ್ಲೂ ಎಂಬ ನೀಲಿ ಬಣ್ಣ ಹಾಕಿದ್ದೆ. ಕಂಟ್ರೋಲ್ ಲಾರ್ವಾಗಳ ಕರುಳು ಕಡುನೀಲಿ. ಹಾರ್ಮೋನ್ ಗುಂಪಿನವಕ್ಕೆ ನೀಲಿಯ ಸುಳಿವೇ ಇಲ್ಲ. ಒಂದಿಷ್ಟು ತಿಂದು ಆಮೇಲೆ ಬಾಯಿ ಮುಚ್ಚಿದ್ದವು, ತಿಂದದ್ದು ಕರುಳಿನಿಂದ ಹೊರಹೋಗಿತ್ತು. ಬರೀ ಉಪವಾಸ ಕೆಡವಿದರೂ ಇನ್ಸುಲಿನ್ ಸಂದೇಶ ತಗ್ಗಿ ಈ ಗ್ರಂಥಿಯಲ್ಲಿ ನಕಲು ನಿಲ್ಲುತ್ತದೆ, ಬೆಳೆದ ಲಾರ್ವಾದ ಮಿದುಳು ಮಾತ್ರ ತನ್ನ ಪಾಡಿಗೆ ನಡೆಸುತ್ತಿರುತ್ತದೆ. ನನ್ನ ಚೆಂದದ ಚಿತ್ರ ಹಸಿವಿನದ್ದೇ ಇರಬಹುದು! (ಇನ್ನೂ ತಮಾಷೆ ಅಂದರೆ, ಎಕ್ಡೈಸೋನ್ ತಯಾರಿಸುವ ಗ್ರಂಥಿಗೂ ಮೊದಲು ತನ್ನ ಡಿಎನ್‌ಎ ನಕಲಾಗಬೇಕು.)

ಈಗ ಲಾರ್ವಾಗಳ ಬಾಯಿಯ ಉಸಾಬರಿಯೇ ಇಲ್ಲ. ಒಂದೇ ಲಾರ್ವಾದ ಜೋಡಿ ಗ್ರಂಥಿ ಬಿಡಿಸಿ, ಒಂದನ್ನು 1 ಮೈಕ್ರೋಮೋಲಾರ್ ಹಾರ್ಮೋನ್ ಇರುವ ಮೀಡಿಯಂಗೆ (ಗ್ರಂಥಿಯನ್ನು ಜೀವಂತ ಇಡುವ ದ್ರವ), ಇನ್ನೊಂದನ್ನು ಅಷ್ಟೇ ಎಥನಾಲ್ ಹಾಕಿದ ಮೀಡಿಯಂಗೆ ಬಿಡುತ್ತೇನೆ. ಎಥನಾಲ್ ಮರೆಯಬೇಡಿ, ಹಾರ್ಮೋನ್ ಕರಗಿಸಿದ್ದು ಅದರಲ್ಲೇ. ಇನ್ಸುಲಿನ್ ಎರಡಕ್ಕೂ ಒಂದೇ ಅಳತೆ. ಕಷ್ಟ ಇರುವುದು ಎರಡನ್ನೂ ಸೇರಿಸುವ ನಳಿಕೆ ಕತ್ತರಿಸುವಾಗ. ಸ್ವಲ್ಪ ಕೈ ನಡುಗಿದರೂ ಗ್ರಂಥಿ ಹರಿಯುತ್ತದೆ. ಒಂದು ಹರಿದರೆ ಎರಡನ್ನೂ ಬಿಸಾಡುತ್ತೇನೆ.