ದೊಡ್ಡ ನಿರ್ಧಾರಕ್ಕೆ ಮುಂಚೆ ದೈವಿಕ ಸಲಹೆ ಕೇಳೋದು ಹೇಗೆ?

ಕೆಲಸ ಬಿಡಬೇಕಾ, ಈ ಸಂಬಂಧಕ್ಕೆ ಹೂಂ ಅನ್ನಬೇಕಾ, ಸಾಲ ಮಾಡಿ ಮನೆ ತಗೋಬೇಕಾ, ಫುಲ್‌ಟೈಮ್ ಚರ್ಚ್ ಸೇವೆಗೆ ಇಳೀಬೇಕಾ... ಇಂಥ ಟೈಮಲ್ಲಿ ನಾವು ಸುಮಾರು ಜನ ಏನ್ ಮಾಡ್ತೀವಿ ಅಂದ್ರೆ, ಮನಸ್ಸಲ್ಲೇ ಎಲ್ಲಾ ಫಿಕ್ಸ್ ಮಾಡ್ಕೊಂಡು, ಅಡ್ವಾನ್ಸೂ ಕೊಟ್ಟು, ಆಮೇಲೆ ಹೋಗಿ "ಸ್ವಲ್ಪ ಪ್ರಾರ್ಥನೆ ಮಾಡಿ ಪಾಸ್ಟರ್" ಅಂತೀವಿ. ಅದು ಸಲಹೆ ಕೇಳೋದಲ್ಲ, ಸಹಿ ಹಾಕಿಸ್ಕೊಳ್ಳೋದು.

ಹಾಗಾಗಿ ಮೊದಲ ಕೆಲಸ, ಬೇಗ ಕೇಳೋದು, ಇನ್ನೂ ಹಿಂದೆ ಬರೋಕೆ ದಾರಿ ಇರುವಾಗಲೇ. ಅದಕ್ಕೂ ಮುಂಚೆ ಬೈಬಲಿನ ಯಾಕೋಬ 1:5 ಹೇಳೋ ಹಾಗೆ ಜ್ಞಾನ ಕೊಡಪ್ಪಾ ಅಂತ ದೇವರ ಹತ್ರ ಬೇಡ್ಕೊಳ್ಳಿ. ವಾಕ್ಯದಲ್ಲಿ, ಅಂದ್ರೆ ಬೈಬಲಲ್ಲಿ, ನೇರವಾಗಿ ತಪ್ಪು ಅಂತ ಇರೋದಕ್ಕೆ ಮಾತ್ರ ಯಾರ ಸಲಹೆಯೂ ಬೇಕಿಲ್ಲ, ಸುಳ್ಳು ಲೆಕ್ಕ ಬರೀಲಾ ಅಂತ ಯಾರನ್ನ ಕೇಳ್ತೀರಾ ಹೇಳಿ.

ಆಮೇಲೆ ವಿಷಯನ ಒಂದು ಹಾಳೇಲಿ ಬರೀರಿ. ಇದನ್ನ ನಾನು ಪೆಟ್ಟು ತಿಂದೇ ಕಲಿತಿದ್ದು. ಒಂದ್ಸಲ ಕೆಲಸ ಬದಲಾಯಿಸೋ ಮುಂಚೆ ಮೂರು ಜನರನ್ನ ಕೇಳಿದ್ದೆ, ಒಬ್ಬರ ಹತ್ರ ಸಂಬಳದ ಮಾತು ಮಾತ್ರ, ಇನ್ನೊಬ್ಬರ ಹತ್ರ ಹಳೇ ಆಫೀಸಿನ ಕಿರಿಕಿರಿ ಮಾತ್ರ, ಭಾನುವಾರ ಆರಾಧನೆಗೆ ಹೋಗೋಕಾಗಲ್ಲ ಅನ್ನೋದನ್ನ ಮೂವರಿಗೂ ಹೇಳಲೇ ಇಲ್ಲ! ಮೂವರೂ ಹೋಗು ಅಂದ್ರು, ನಾನು ದೇವರೇ ಬಾಗಿಲು ತೆರೆದ ಅಂದ್ಕೊಂಡು ಕುಣಿದೆ. ಮೊದಲು ವಾದ ಮಾಡಿದವನದ್ದೇ ನ್ಯಾಯ ಅನ್ನಿಸುತ್ತೆ, ಇನ್ನೊಬ್ಬ ಬಂದು ವಿಚಾರಿಸೋವರೆಗೆ ಅಂತ ಜ್ಞಾನೋಕ್ತಿ 18:17ರಲ್ಲಿ ಇದೆಯಲ್ಲ, ಹಾಗೇ. ಈಗ ಅರ್ಧ ಪುಟ ಬರೀತೀನಿ, ನನಗೆ ಇಷ್ಟ ಇಲ್ಲದ ಸಂಗತಿಗಳೂ ಸೇರಿ, ಎಲ್ಲರಿಗೂ ಅದೇ ಹಾಳೆ.

ಯಾರನ್ನ ಕೇಳ್ಬೇಕು? ಇಲ್ಲೇ ಜಾಸ್ತಿ ಜನ ಎಡವೋದು. ಇಸ್ರಾಯೇಲಿನ ಅರಸ ರೆಹಬ್ಬಾಮ ಸಲಹೆ ಕೇಳದೇ ಕೆಟ್ಟ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಆದ್ರೆ 1 ಅರಸುಗಳು 12 ಓದಿ ನೋಡಿ, ಅವನು 3 ದಿನ ಟೈಮ್ ತಗೊಂಡ, ತಂದೆ ಸೊಲೊಮೋನನ ಕಾಲದ ಹಿರಿಯರನ್ನೂ ಕೇಳಿದ, ಜತೆಗೆ ಬೆಳೆದ ಗೆಳೆಯರನ್ನೂ ಕೇಳಿದ. ತಗೊಂಡಿದ್ದು ಮಾತ್ರ ಕಿವಿಗೆ ಹಿತವಾದದ್ದನ್ನ, ಇಸ್ರಾಯೇಲಿನ ಹನ್ನೆರಡು ಕುಲಗಳಲ್ಲಿ ಹತ್ತು ಅವನನ್ನ ಕೈಬಿಟ್ಟು ಹೋದ್ವು. ಅರಸ ಅಹಾಬನಿಗಂತೂ ಸುಮಾರು 400 ಪ್ರವಾದಿಗಳು ಯುದ್ಧಕ್ಕೆ ಹೋಗು ಅಂದ್ರು, ಮೀಕಾಯೆಹು ಅನ್ನೋ ಪ್ರವಾದಿ ಒಬ್ಬನ್ನ ಕಂಡ್ರೆ ಅವನಿಗೆ ಆಗ್ತಿರಲಿಲ್ಲ, ಯಾಕಂದ್ರೆ ಒಳ್ಳೇದು ಹೇಳಲ್ಲ ಅಂತ. ಅಹಾಬ ಆ ಯುದ್ಧದಲ್ಲಿ ಸತ್ತ. ನಿಮ್ಮ ಫೋನಲ್ಲೂ ಅಂಥ ಒಂದು ನಂಬರ್ ಇರುತ್ತೆ, ಸ್ಕ್ರೋಲ್ ಮಾಡ್ವಾಗ ಬೆರಳು ಬೇಕಂತಲೇ ದಾಟಿ ಹೋಗೋದು. ಮೊದಲು ಅದಕ್ಕೇ ಫೋನ್ ಮಾಡಿ.

ಮೂರು ಜನ ಸಾಕು: ವಾಕ್ಯ ತಿಳಿದವರೊಬ್ಬರು, ಆ ವಿಷಯ ಗೊತ್ತಿರೋರೊಬ್ಬರು (ಸಾಲದ ಬಗ್ಗೆ ಪಾಸ್ಟರ್‌ಗಿಂತ ಲೆಕ್ಕ ಬಲ್ಲ ವಿಶ್ವಾಸಿ ಮೇಲು), ನಿಮ್ಮ ಸಿಟ್ಟು ಸೆಡವು ಎಲ್ಲಾ ನೋಡಿರೋರೊಬ್ಬರು. ಮದುವೆ ಆಗಿದ್ರೆ ಗಂಡ ಅಥವಾ ಹೆಂಡತಿ ಎಲ್ಲರಿಗಿಂತ ಮೊದಲು. ನಿಮ್ಮ ನಿರ್ಧಾರದಿಂದ ಲಾಭ ಆಗೋರು ಬೇಡ.

ಕೇಳುವಾಗ "ದೇವರು ನನಗೆ ಹೇಳಿದ್ದಾರೆ" ಅಂತ ಶುರು ಮಾಡ್ಬೇಡಿ, ಅಲ್ಲಿಗೆ ಎದುರಿನವರ ಬಾಯಿ ಬಂದ್. "ನನಗೆ ಕಾಣದೇ ಇರೋದು ಇದರಲ್ಲಿ ಏನಿದೆ?" ಅಂತ ಕೇಳಿ ಸುಮ್ನಿರಿ. ನಡುವೆ ಸಮರ್ಥನೆ ಕೊಡೋಕೆ ಹೋಗ್ಬೇಡಿ, ಕಷ್ಟ ಆಗುತ್ತೆ, ಆದ್ರೂ.

ಸಿಕ್ಕಿದ ಸಲಹೆನ ಅವತ್ತೇ ಜಾರಿ ಮಾಡೋದೂ ಬೇಡ. ದೇವಾಲಯ ಕಟ್ಟೋ ಆಸೆ ಹೇಳಿದಾಗ ಪ್ರವಾದಿ ನಾತಾನ ಅರಸ ದಾವೀದನಿಗೆ ನಿನ್ನ ಮನಸ್ಸಲ್ಲಿ ಇರೋದನ್ನೆಲ್ಲಾ ಮಾಡು ಅಂದುಬಿಟ್ಟ, ಅದೇ ರಾತ್ರಿ ದೇವರು ಅವನನ್ನ ತಿದ್ದಬೇಕಾಯ್ತು (2 ಸಮುವೇಲ 7). ಪ್ರವಾದಿಗೇ ಹಾಗಾದ್ರೆ ನಮ್ಮ ಸಭೆ ಹಿರಿಯರದ್ದು ಬಿಡಿ. ಒಂದೆರಡು ರಾತ್ರಿ ಕಳೀಲಿ, ವಾಕ್ಯದ ಜತೆ ಹೋಲಿಸಿ ನೋಡಿ.

ಕೊನೆಗೆ ನಿರ್ಧಾರ ನಿಮ್ಮದೇ, ನೀವು ಯಾರನ್ನ ಕೇಳಿದ್ರೋ ಅವರಿಗೆಲ್ಲಾ ಏನು ಮಾಡಿದ್ರಿ ಅಂತ ತಿಳಿಸಿ, ಅವರ ಮಾತು ಮೀರಿದ್ರೂನೂ. ಯೆರೂಸಲೇಮಿಗೆ ಹೋಗ್ಬೇಡ ಅಂತ ಜತೆಗಿದ್ದ ವಿಶ್ವಾಸಿಗಳು ಅತ್ತು ಬೇಡ್ಕೊಂಡ್ರೂ ಅಪೊಸ್ತಲ ಪೌಲ ಕೇಳಲಿಲ್ಲ, ಕಾರಣನ ಅವರ ಮುಖಕ್ಕೇ ಹೇಳಿದ. ಅವರು "ಕರ್ತನ ಚಿತ್ತದಂತೆ ಆಗಲಿ" ಅಂತ ಸುಮ್ಮನಾದ್ರು, ಆಮೇಲೆ ಅವನು ಹೊರಟಾಗ ಕೈಸರೈಯ ಊರಿನ ಕೆಲವು ಶಿಷ್ಯರು ಅವನ ಜತೆಗೇ ಹೊರಟ್ರು.