ಮೈಕ್ ಕೂಗೋದನ್ನ ನಾನು ಹೇಗೆ ತಡೀತೀನಿ

ಫೀಡ್‌ಬ್ಯಾಕ್ (ಮೈಕ್ ಕುಂಯ್ ಅಂತ ಕೂಗೋದು) ಬಂತು ಅಂದ್ರೆ ಸುಮಾರು ಜನ ಸೀದಾ ಈಕ್ವಲೈಜರ್‌ಗೆ (ಬೇರೆ ಬೇರೆ ಫ್ರೀಕ್ವೆನ್ಸಿ ಏರಿಸಿ ಇಳಿಸೋ ಕಂಟ್ರೋಲ್) ಕೈ ಹಾಕ್ತಾರೆ, ನಾನು ಅದನ್ನ ಮುಟ್ಟೋದು ಕೊನೇಲಿ. ಸ್ಪೀಕರ್ ಸೌಂಡು ವಾಪಸ್ ಮೈಕಿಗೆ ಹೊಕ್ಕು, ಯಾವುದೋ ಒಂದು ಫ್ರೀಕ್ವೆನ್ಸೀಲಿ ಪ್ರತಿ ಸುತ್ತಿಗೂ ಬೆಳೀತಾ ಹೋದ್ರೇನೇ ಕೂಗೋದು. ಆ ದಾರಿ ಕಟ್ ಮಾಡಿದ್ರೆ ಅರ್ಧ ಕೆಲಸ ಮುಗೀತು.

ಮೇನ್ ಸ್ಪೀಕರ್ ಯಾವಾಗ್ಲೂ ಮೈಕ್‌ಗಳಿಗಿಂತ ಮುಂದೆ, ಜನರ ಕಡೆ ಇಡ್ತೀನಿ. ಮಾನಿಟರ್ (ಹಾಡೋರಿಗೆ ತಮ್ಮ ದನಿ ಕೇಳ್ಸೋಕೆ ಸ್ಟೇಜ್ ಮೇಲಿಡೋ ಸ್ಪೀಕರ್) ವಿಷಯಕ್ಕೆ ಬಂದ್ರೆ ಮೊದಲು ಮೈಕ್ ಪ್ಯಾಟರ್ನ್, ಅಂದ್ರೆ ಅದು ಯಾವ ಕಡೆಯ ಸೌಂಡ್ ಹಿಡಿಯುತ್ತೆ ಅಂತ ನೋಡ್ಬೇಕು, ಶೂರ್ ಎಸ್‌ಎಂ58 ಮೈಕಿನ ಪ್ಯಾಟರ್ನ್ ಕಾರ್ಡಿಯಾಯ್ಡ್, ಅದಕ್ಕೆ ನೇರ ಹಿಂದುಗಡೆ ತೀರಾ ಕಮ್ಮಿ ಕೇಳ್ಸುತ್ತೆ, ಹಾಗಾಗಿ ಮಾನಿಟರ್ ಹಾಡೋರ ಎದುರಿಗೇ ಇಡ್ತೀನಿ. ಅದೇ ಶೂರ್‌ನ ಬೀಟಾ 58ಎ ಸೂಪರ್‌ಕಾರ್ಡಿಯಾಯ್ಡ್, ಅದರ ಬೆನ್ನು ಪೂರ್ತಿ ಕಿವುಡಲ್ಲ, ಕಿವುಡು ಜಾಗ ಇರೋದು ಎರಡೂ ಪಕ್ಕಕ್ಕೆ ಮುಂದಿನಿಂದ ಸುಮಾರು 120 ಡಿಗ್ರಿ ತಿರುಗಿದಲ್ಲಿ, ಅದಕ್ಕೇ ಮಾನಿಟರ್‌ನೂ ಓರೆಗೆ ಸರಿಸ್ತೀನಿ. ಕೊನೇ ಗಳಿಗೇಲಿ ಯಾರಾದ್ರೂ ಮೈಕ್ ಬದಲಾಯಿಸಿದ್ರೆ ಮಾನಿಟರ್ ಜಾಗಾನೂ ಮತ್ತೆ ನೋಡ್ಲೇಬೇಕು.

ಆಮೇಲೆ ಬಾಯಿಗೂ ಮೈಕಿಗೂ ಇರೋ ದೂರ. ಅದನ್ನ ಅರ್ಧ ಮಾಡಿದ್ರೆ ಹತ್ತತ್ರ 6 ಡಿಬಿ (ಡೆಸಿಬೆಲ್, ಸೌಂಡ್ ಮಟ್ಟದ ಅಳತೆ) ಪುಕ್ಸಟ್ಟೆ ಸಿಗುತ್ತೆ, ಇಷ್ಟು ಲಾಭ ಯಾವ ಪ್ರೊಸೆಸರ್‌ನಿಂದಲೂ ನಂಗೆ ಸಿಕ್ಕಿಲ್ಲ. ಮೈಕ್ ತಲೆ ಮುಚ್ಚಿ ಹಿಡಿಯೋರಿಗೆ ಶುರುಗೆ ಮುಂಚೇನೇ ಹೋಗಿ ಹೇಳ್ತೀನಿ, ಸರ್ ಜಾಲರಿ ಮುಚ್ಚಬೇಡಿ ಕೆಳಗಡೆ ಹಿಡ್ಕೊಳ್ಳಿ ಅಂತ, ಯಾಕಂದ್ರೆ ಜಾಲರಿ ಮುಚ್ಚಿದ್ರೆ ಆ ಪ್ಯಾಟರ್ನೇ ಕೆಟ್ಟು ಮೈಕ್ ಎಲ್ಲಾ ಕಡೆಯಿಂದಾನೂ ಸೌಂಡ್ ಎಳ್ಕೊಳ್ಳುತ್ತೆ. ಮಾತಾಡದೆ ಸುಮ್ನೆ ತೆರೆದಿರೋ ಮೈಕ್‌ಗಳನ್ನ ಮ್ಯೂಟ್ ಮಾಡ್ತೀನಿ, ತೆರೆದ ಮೈಕ್ ಡಬಲ್ ಆದಾಗೆಲ್ಲ, ಕೂಗದೆ ಸೌಂಡ್ ಏರಿಸೋಕೆ ಇರೋ ಜಾಗದಲ್ಲಿ 3 ಡಿಬಿ ಹೋಯ್ತು ಅಂತಾನೇ ಲೆಕ್ಕ.

ಇಷ್ಟೆಲ್ಲಾ ಆದ್ಮೇಲೆ ಈಕ್ಯೂ, ಅಂದ್ರೆ ಈಕ್ವಲೈಜರ್. ಮಾತಿನ ಮೈಕಿಗೆಲ್ಲ 100 ಹರ್ಟ್ಜ್ ಹತ್ರ ಹೈಪಾಸ್ (ಅದಕ್ಕಿಂತ ಕೆಳಗಿನ ಸೌಂಡ್ ತಡೆಯೋ ಫಿಲ್ಟರ್) ಹಾಕ್ತೀನಿ. ಹಾಲ್ ಖಾಲಿ ಇದ್ದಾಗ ಮಾನಿಟರ್ ಸೆಂಡ್, ಅಂದ್ರೆ ಮಾನಿಟರ್‌ಗೆ ಹೋಗೋ ಸೌಂಡ್, ನಿಧಾನಕ್ಕೆ ಏರಿಸ್ತೀನಿ, ಸಣ್ಣಗೆ ಗುಂಯ್ ಅಂದ ಕೂಡ್ಲೇ ನಿಲ್ಲಿಸಿ, ಅನಲೈಜರ್‌ನಲ್ಲಿ ಯಾವ ಫ್ರೀಕ್ವೆನ್ಸಿ ಎದ್ದಿದೆ ನೋಡಿ, ಪ್ಯಾರಾಮೆಟ್ರಿಕ್ ಈಕ್ಯೂನಲ್ಲಿ ಅದೊಂದೇ ಜಾಗದಲ್ಲಿ ತೆಳ್ಳಗೆ 3ರಿಂದ 6 ಡಿಬಿ ಕಟ್. ಎರಡು ಮೂರು ಕಡೆ ಸಾಕು, ಅದಕ್ಕೂ ಮೀರಿ ಕೊಯ್ತಾ ಹೋದ್ರೆ ದನಿ ಸತ್ತೇ ಹೋಗುತ್ತೆ, ಹಾಗೆ ಅನ್ಸಿದ್ರೆ ಎದ್ದು ಹೋಗಿ ಸ್ಪೀಕರ್ ಸರಿಸೋದೇ ವಾಸಿ. ಕೂಗೋ ಮಟ್ಟಕ್ಕಿಂತ 6 ಡಿಬಿ ಕೆಳಗೆ ಫೇಡರ್ (ಮಿಕ್ಸರ್‌ನಲ್ಲಿ ಸೌಂಡ್ ಏರಿಸಿ ಇಳಿಸೋ ಜಾರೋ ಗುಂಡಿ) ನಿಲ್ಲಿಸ್ತೀನಿ.

ಕಾರ್ಯಕ್ರಮದ ನಡುವೆ ಕೂಗಿದ್ರೂ ಎಲ್ಲಾ ಮೈಕಿಗೂ ಸೇರಿರೋ ಮಾಸ್ಟರ್ ಫೇಡರ್ ಇಳಿಸಲ್ಲ, ಎಲ್ಲರ ದನೀನೂ ಹೋಗ್ಬಿಡುತ್ತೆ. ಯಾವ ಮೈಕ್ ಅಲುಗಾಡಿದೆ ಅಂತ ಕಣ್ಣು ಸ್ಟೇಜ್ ಮೇಲೇ ಇದ್ರೆ ಗೊತ್ತಾಗುತ್ತೆ, ಆ ಒಂದೇ ಫೇಡರ್ ಸ್ವಲ್ಪ ಇಳಿಸ್ತೀನಿ.